ರೆಸಿಡೆನ್ಸಿಗೆ ಹೊಂಟೀರೇನು? ಮೊದಲ ಕೈಯಾಗ ಏನೈತಿ ನೋಡ್ಕೋರಿ

ಹೋದ ತಿಂಗಳ ಗಂಗಾವತಿ ಬಸ್‌ಸ್ಟ್ಯಾಂಡ್ ಹತ್ರ ಒಗ್ಗರಣಿ ಮಿರ್ಚಿ ತಿನ್ಕೋತ ನಿಂತಿದ್ದೆ, ಒಬ್ಬ ಹುಡುಗ ಬಂದು "ಸರ, ನನಗೂ ಎಲ್ಲ್ಯಾರ ಒಂದು ರೆಸಿಡೆನ್ಸಿ ಕೊಡಸ್ರಿ, ಮನ್ಯಾಗ ಬರಿಯಾಕ ಆಗವಲ್ದು" ಅಂದ. ಏನು ಬರಿಯಾಕತ್ತಿಯಪಾ ಅಂತ ಕೇಳಿದ್ರ, "ಅದು ಅಲ್ಲಿ ಹೋದ ಮ್ಯಾಲೆ ನೋಡ್ಬೇಕ್ರಿ ಸರ" ಅಂದ. ನಗು ಬಂತು. ಹತ್ತು ವರ್ಷದ ಹಿಂದ ನಾನೂ ಇದನ್ನ ಹೇಳಿದ್ದೆ, ಅದೂ ಇವನಕ್ಕಿಂತ ದೊಡ್ಡ ದನಿಯಾಗ.

ರೆಸಿಡೆನ್ಸಿ ಅಂದ್ರ ಬರಿಯೋರಿಗೆ ಕೆಲವು ದಿನ ಇರಾಕ ಜಾಗ ಕೊಟ್ಟು, ಬರ್ಕೋತ ಇರ್ರಿ ಅಂತ ಬಿಡೂ ಏರ್ಪಾಡು. ಹಂಗಾಗಿ ಇದನ್ನ ಬರಿಯಾಕತ್ತೀನಿ. ನಾನು ಬರವಣಿಗಿ ಮ್ಯಾಲ ಹೊಟ್ಟಿ ಹೊರಿಯೂ ಮನಷಾ, ಅಂದ್ರ ಕತಿ ಬರ್ದು ಅಲ್ರಿ, ಕತಿ ಬರ್ದು ಕೊಪ್ಪಳ ಜಿಲ್ಲಾದಾಗ ಯಾರ ಹೊಟ್ಟಿನೂ ತುಂಬಿಲ್ಲ. ಅನುವಾದ ಮಾಡ್ತೀನಿ, ಬ್ಯಾರೆಯವರ ಪುಸ್ತಕದ ಕರಡು ತಿದ್ತೀನಿ, ಆಕಾಶವಾಣಿಗೆ ಆಗಾಗ ರೂಪಕ ಬರ್ದು ಕೊಡ್ತೀನಿ, ಶಾಲಿ ಕಾಲೇಜುಗಳಾಗ ಕಥಾ ಕಮ್ಮಟ, ಅಂದ್ರ ಕತಿ ಬರಿಯೂದು ಕಲಸೂ ಶಿಬಿರ, ಮಾಡ್ತೀನಿ, ಇದರ ನಡುವ ಸಂದಿ ಸಿಕ್ಕಾಗ ನನ್ನ ಕತಿ. ಈ ಕಮ್ಮಟ, ಗ್ರ್ಯಾಂಟು, ರೆಸಿಡೆನ್ಸಿ ಎಲ್ಲಾನೂ ನಮ್ಮ ಕಡೀಗೆ ಹ್ಯಾಂಗ ಹೊಂದಸ್ಕೋಬೇಕು ಅನ್ನೂದನ್ನ ಬಿದ್ದು ಎದ್ದು ಕಲ್ತೀನಿ, ಕಲ್ತಷ್ಟು ಹೇಳ್ತೀನಿ.

ಮೊದಲ ಬಿದ್ದದ್ದು ಕೇಳ್ರಿ. ಮೊದಲನೇ ಸಲ ಒಂದು ಕಡೆ, ಹೆಸರು ಬ್ಯಾಡ, ಮೂರು ವಾರ ಇರಾಕ ಜಾಗ ಸಿಕ್ತು. ಸಣ್ಣ ರೂಮು, ಕಿಟಕಿ ಹೊರಗ ಮಾವಿನ ಗಿಡ, ಮೂರು ಹೊತ್ತು ಊಟ, ಯಾರೂ "ಏನ್ ಮಾಡಾಕತ್ತಿ" ಅನ್ನಂಗಿಲ್ಲ. ನನ್ನ ಹತ್ರ ಒಂದು ಹೊಸ ನೋಟ್‌ಬುಕ್ಕು, ನಾಲ್ಕು ಪೆನ್ನು ಇದ್ದು, ಬರಿಯಾಕ ಏನೂ ಇದ್ದಿಲ್ಲ. ಮೊದಲನೇ ವಾರ ನಿದ್ದಿ ಮಾಡ್ದೆ, ಎರಡನೇ ವಾರ ಅಲ್ಲಿದ್ದ ಪುಸ್ತಕ ಓದಿದೆ, ಮೂರನೇ ವಾರ ಹೆದರಿಕಿ ಬಂದು ಹನ್ನೊಂದು ಪುಟ ಬರ್ದೆ, ಊರಿಗೆ ಬಂದ ಮ್ಯಾಲೆ ಅದರಾಗ ಒಂಬತ್ತು ಹರದು ಒಗದೆ. ಊಟ ಮಾತ್ರ ಚೊಲೋ ಇತ್ತು.

ಆವಾಗ ತಿಳೀತು, ರೆಸಿಡೆನ್ಸಿ ಅನ್ನೂದು ಬೀಜ ಬಿತ್ತೂ ಜಾಗ ಅಲ್ಲ, ಕಳೆ ತಗಿಯೂ ಜಾಗ. ಬೆಳಿ ಅರ್ಧ ಎದ್ದಿರಬೇಕು, ನಡುವ ಕಸ ಹೆಚ್ಚಾಗಿ ಯಾವದು ಪೈರು ಯಾವದು ಹುಲ್ಲು ಗೊತ್ತಾಗವಲ್ದು ಅನ್ನೂ ಹೊತ್ತಿಗೆ ಹೋಗ್ಬೇಕು. ಅದಕ್ಕ ಮೊದಲ ಪ್ರಾಜೆಕ್ಟು, ಆಮ್ಯಾಲೆ ರೂಮು.

ಒಂದು ಪುಟದ ಕೆಲಸ

ಪ್ರಾಜೆಕ್ಟು ಅನ್ನೂ ಮಾತು ನಮ್ಮ ಕಡೆ ಕತಿಗಾರರಿಗೆ ಸೇರೂದಿಲ್ಲ, ಅದೇನೋ ಸರಕಾರಿ ರಸ್ತೆ ಕಾಮಗಾರಿ ಇದ್ದಂಗ ಅನಸ್ತೈತಿ. "ಏನೋ ಬರಿಯಾಕತ್ತೀನ್ರಿ" ಅಂದ್ರ ಸಾಕು ನಮಗ. ಆದ್ರ ಯಾರರ ದುಡ್ಡು ಕೊಡ್ಬೇಕು, ಜಾಗ ಕೊಡ್ಬೇಕು ಅಂದ್ರ ಅವರಿಗೆ "ಏನೋ" ಅಂದ್ರ ನಡಿಯಂಗಿಲ್ಲ. ಒಂದು ಪುಟ ಬರೀರಿ. ಏನು ಬರಿಯಾಕತ್ತೀನಿ, ಎಷ್ಟು ಆಗೇತಿ, ಎಷ್ಟು ಬಾಕಿ, ಇದನ್ನ ನಾನ ಯಾಕ ಬರೀಬೇಕು, ಈಗ ಯಾಕ ಬರೀಬೇಕು. ಇಷ್ಟ.

ನನ್ನ ಮೊದಲನೇ ಪುಟದ ಮೊದಲನೇ ಸಾಲು ಹಿಂಗಿತ್ತು, ಇವತ್ತಿಗೂ ನಾಚಿಕಿ ಬರ್ತೈತಿ: "ಅಭಿವೃದ್ಧಿಯ ಹೆಸರಿನಲ್ಲಿ ನಲುಗಿದ ಮಾನವೀಯ ಮೌಲ್ಯಗಳ ಶೋಧ." ಇದನ್ನ ಓದಿ ನಮ್ಮ ಗೆಳೆಯ ಒಬ್ಬ "ಇದು ಕತಿಯೋ ಪಿಎಚ್‌ಡಿಯೋ ಮಾರಾಯ" ಅಂದ. ಎರಡನೇ ಸಲ ಹಿಂಗ ಬರ್ದೆ: "ತುಂಗಭದ್ರಾ ಡ್ಯಾಮಿನ ಹಿನ್ನೀರಿನ್ಯಾಗ ಊರು ಮುಳುಗಿದ ಮೂರು ಮನೆತನದ ಒಂಬತ್ತು ಕತಿ. ನಾಲ್ಕು ಬರದಾಗೇತಿ, ಐದು ಬಾಕಿ. ಡ್ಯಾಮಿನ ಕೆಲಸ 1945ರಾಗ ಶುರುವಾಗಿ 1953ರಾಗ ನೀರು ನಿಂತ್ವು, ಆವಾಗ ಹತ್ತು ವರ್ಷದ ಹುಡುಗರಿದ್ದವರಿಗೆ ಈಗ ಎಂಬತ್ತು ದಾಟೇತಿ. ಊರು ಕಣ್ಣಾರೆ ಕಂಡವರು ಹೋಗೂದ್ರಾಗ ಬರ್ದು ಮುಗಸ್ಬೇಕು." ನೋಡ್ರಿ, ಇದರಾಗ ಒಂದೂ ದೊಡ್ಡ ಮಾತಿಲ್ಲ, ಆದ್ರ ಓದಿದವರಿಗೆ ಗಡಿಯಾರದ ಸಪ್ಪಳ ಕೇಳಸ್ತೈತಿ. "ಈಗ ಯಾಕ" ಅನ್ನೂದಕ್ಕ ಉತ್ತರ ಇದ್ರ ಅರ್ಜಿ ಅರ್ಧ ಗೆದ್ದಂಗ.

ಈ ಪುಟ ಆಗಾಗ ತಿದ್ತಿರಬೇಕು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋತಲ್ಲ, ನಾವೆಲ್ಲಾ ಎರಡನೇ ಬೆಳಿಗೆ ನೀರು ಹೋತು ಅಂತ ತಲಿ ಮ್ಯಾಲ ಕೈ ಹೊತ್ತು ಕುಂತಿದ್ವಿ, ಗೇಟು ಕೂಡಸ್ಬೇಕಂದ್ರ ಡ್ಯಾಮ್ ಇಳಸ್ಬೇಕು ಅಂತ ಟಿವಿಯಾಗ ಹೇಳಾಕತ್ತಿದ್ರು. ಆವಾಗ ನನಗ ಕತಿ ಹೇಳ್ತಿದ್ದ ಅಜ್ಜ ಒಬ್ಬಾತ ಫೋನ್ ಹಚ್ಚಿ ಕೇಳಿದ: "ತಮ್ಮಾ, ನೀರು ಬಿಡ್ತಾರಂತಲ್ಲ, ಹಂಗಂದ್ರ ನಮ್ಮೂರು ಮ್ಯಾಲೆ ಬರ್ತೈತೇನು?" ಏನ್ ಹೇಳೂದು ಗೊತ್ತಾಗ್ಲಿಲ್ಲ. ಒಂಬತ್ತು ಕತಿ ಅವತ್ತಿಗೆ ಹತ್ತಾತು, ಪುಟದಾಗ ತಿದ್ದಿದೆ.

ಇನ್ನೊಂದು, ಸಾಮಾನು ಒಂದ ಕಡೆ ಇಡ್ರಿ. ರೆಕಾರ್ಡಿಂಗ್ ಫೋನಿನ್ಯಾಗ, ಫೋಟೋ ವಾಟ್ಸಾಪಿನ್ಯಾಗ, ಟಿಪ್ಪಣಿ ಹಳೇ ಡೈರಿಯಾಗ ಇದ್ರ ರೆಸಿಡೆನ್ಸಿಗೆ ಹೋದಾಗ ಅರ್ಧ ದಿನ ಹುಡುಕೂದ್ರಾಗ ಹೋಗ್ತೈತಿ. ರೆಕಾರ್ಡ್ ಮಾಡೂ ಮೊದಲ ಕೇಳಿ ಮಾಡ್ರಿ, ಫೈಲಿಗೆ ತಾರೀಖು ಊರು ಹಚ್ರಿ. ಹೆಣ್ಣಮಕ್ಕಳು ಮಾತಾಡೂವಾಗ ಮನಿಯವರು ಪಕ್ಕಕ್ಕ ಕುಂತಿದ್ರ ಅವತ್ತು ಬರೇ ಚಾ ಕುಡದು ಬರ್ರಿ, ಕತಿ ಇನ್ನೊಂದು ದಿನ ಬರ್ತೈತಿ.

ಕಮ್ಮಟ ಮಾಡೋರಿಗೆ

ಕಮ್ಮಟ ನನಗ ರೊಟ್ಟಿ ಕೊಡ್ತೈತಿ, ಅದರ ಜೊತಿಗೆ ಓದೂ ಚಟ ಜೀವಂತ ಇಡ್ತೈತಿ. ಇಪ್ಪತ್ತು ಮಂದಿ ಬರ್ದದ್ದು ಓದಿದ್ರ ನಮ್ಮ ಬರವಣಿಗಿಯಾಗಿನ ಸುಳ್ಳೂ ಕಾಣಸ್ತಾವ. ಆದ್ರ ತಿಂಗಳಿಗೆ ಎರಡರ ಮ್ಯಾಲ ಒಪ್ಕೋಬ್ಯಾಡ್ರಿ, ನಾನು ಒಂದು ಚಳಿಗಾಲದಾಗ ಒಂಬತ್ತು ಕಮ್ಮಟ ಮಾಡಿ ನನ್ನದು ಅಂತ ಒಂದು ಸಾಲು ಬರೀಲಿಲ್ಲ.

ಜಾಗದ ಬಗ್ಗೆ ಹೇಳ್ಬೇಕಂದ್ರ, ಕಲ್ಯಾಣ ಮಂಟಪ ಬ್ಯಾಡ, ದನಿ ಗುಂಯ್ ಅಂತೈತಿ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರ ಆಗ್ಯಾವ, ಭಾಳ ಕಡೆ ಚೊಲೋ ರೂಮು, ಫ್ಯಾನು, ಪುಸ್ತಕ ಎಲ್ಲಾ ಅದಾವ, ಗ್ರಂಥಪಾಲಕರಿಗೂ ನಾಕು ಮಂದಿ ಬಂದ್ರ ಖುಷಿ, ಪಿಡಿಒ ಅವರಿಗೆ ಒಂದು ಪತ್ರ ಕೊಟ್ಟು ಕೇಳ್ರಿ. ಇಲ್ಲಂದ್ರ ಹೈಸ್ಕೂಲು, ರವಿವಾರ. ಬಸ್ ಹೋಗೂ ಊರಾಗ ಇಟ್ರ ಹೆಣ್ಣಮಕ್ಕಳು ಹೆಚ್ಚು ಬರ್ತಾರ, 2023ರ ಜೂನಿನ್ಯಾಗ ಶಕ್ತಿ ಯೋಜನೆ ಬಂದ ಮ್ಯಾಲೆ ನಾನ ನೋಡೀನಿ, ಮೊದಲ ಬಸ್ ಚಾರ್ಜಿಗೆ ಮನ್ಯಾಗ ಕೈ ಚಾಚಬೇಕಾಗಿದ್ದವರು ಈಗ ಆಧಾರ್ ಕಾರ್ಡ್ ಹಿಡ್ಕೊಂಡು ಹತ್ತಿ ಬರ್ತಾರ. ಹಳ್ಳಿಗೆ ಸಂಜಿ ಕಡೀ ಬಸ್ ಎಷ್ಟಕ್ಕ ಅಂತ ನೋಡ್ಕೊಂಡ ಟೈಮ್ ಇಡ್ರಿ, ಐದೂವರಿ ಬಸ್ ಇದ್ರ ನಾಕೂವರಿಗೆ ಮುಗಸ್ರಿ.

ದಿನ ಆರಸೂದೂ ಒಂದು ವಿದ್ಯಾ. ಕಾಲುವಿ ಸೀಮಿಯಾಗ, ಅಂದ್ರ ಗಂಗಾವತಿ, ಕಾರಟಗಿ, ಸಿಂಧನೂರು ಕಡೆ, ಭತ್ತದ ನಾಟಿ ನಡದಾಗ, ಕೊಯ್ಲು ನಡದಾಗ ಯಾರೂ ಬರಂಗಿಲ್ಲ. ಜನವರಿಯಾಗ ಕೊಪ್ಪಳದ ಗವಿಮಠದ ಜಾತ್ರಿ ಇದ್ದಾಗಂತೂ ಇಡೀ ಜಿಲ್ಲಾ ಅಲ್ಲೇ ಇರ್ತೈತಿ, ನೀವೂ ಹೋಗ್ರಿ. ಏಪ್ರಿಲ್, ಮೇ ಬಿಸಲಾಗ ರಾಯಚೂರಾಗ ಕಮ್ಮಟ ಇಟ್ಟ ಪುಣ್ಯಾತ್ಮರೂ ಅದಾರ, ಮಧ್ಯಾಹ್ನದ ಮ್ಯಾಲೆ ಕತಿಗಾರರು ಬಾಡಿದ ಮೆಂತ್ಯ ಸೊಪ್ಪು ಆಗಿದ್ರು.

ಉದ್ಘಾಟನೆ. ಇದರ ಬಗ್ಗೆ ಒಂದು ಮಾತು ಹೇಳಲೇಬೇಕು. ಎರಡು ದಿನದ ಕಮ್ಮಟದಾಗ ಮೊದಲನೇ ದಿನದ ಅರ್ಧ ಉದ್ಘಾಟನೆ ತಿಂತೈತಿ, ಅತಿಥಿಗಳು ಹನ್ನೊಂದಕ್ಕ ಅಂದವರು ಹನ್ನೆರಡೂವರಿಗೆ ಬರ್ತಾರ, ನಾಡಗೀತೆ, ದೀಪ, ಸಸಿಗೆ ನೀರು, ಪ್ರಾಸ್ತಾವಿಕ, ಅಧ್ಯಕ್ಷೀಯ ನುಡಿ, ಮುಗಿಯೂದ್ರಾಗ ಊಟದ ಟೈಮು. ಬ್ಯಾಡ ಅಂದ್ರ ಊರವರು ಸಿಟ್ಟಾಗ್ತಾರ. ನಾನು ಈಗ ಮಾಡೂದು ಏನಂದ್ರ ಎಲ್ಲಾ ಅತಿಥಿಗಳನ್ನ ಎರಡನೇ ದಿನ ಮೂರೂವರಿಗೆ ಸಮಾರೋಪಕ್ಕ ಕರೀತೀನಿ, ಹುಡುಗರು ಬರ್ದದ್ದನ್ನ ಅವರ ಮುಂದ ಓದಸ್ತೀನಿ. ಅತಿಥಿಗಳಿಗೂ ಮಾತಾಡಾಕ ವಿಷಯ ಸಿಗ್ತೈತಿ, ಭಾಷಣ ತಾನ ಸಣ್ಣದಾಗ್ತೈತಿ.

ಇಪ್ಪತ್ತರ ಮ್ಯಾಲ ಮಂದಿ ಬ್ಯಾಡ. ಐವತ್ತು ಮಂದಿ ಕುಂದ್ರಿಸಿದ್ರ ಅದು ಉಪನ್ಯಾಸ. ಖರ್ಚು ಏನು ದೊಡ್ಡದಲ್ಲ, ನನ್ನ ಲೆಕ್ಕದಾಗ ಇಪ್ಪತ್ತು ಮಂದಿಗೆ ಎರಡು ದಿನ ಖಾನಾವಳಿಯಿಂದ ರೊಟ್ಟಿ ಊಟ, ಎರಡು ಹೊತ್ತು ಚಾ, ಒಂದೊಂದು ನೂರು ಹಾಳಿ ನೋಟ್‌ಬುಕ್ಕು, ಝೆರಾಕ್ಸು ಎಲ್ಲಾ ಸೇರಿ ಐದಾರು ಸಾವಿರದಾಗ ಮುಗಿತೈತಿ, ಕಮ್ಮಟ ನಡಸಾಂವನ ಗೌರವಧನ ಬ್ಯಾರೆ. ಆ ಗೌರವಧನ ಮೊದಲ ಮಾತಾಡ್ರಿ, ಕಾಗದದ ಮ್ಯಾಲ ಇಲ್ಲಂದ್ರ ವಾಟ್ಸಾಪಿನ್ಯಾಗರ ಬರ್ದು ಕಳಸ್ರಿ. ಒಂದು ಕಡೆ ಐದು ಸಾವಿರ ಅಂದಿದ್ರು, ಎರಡು ದಿನ ಗಂಟಲು ಹರಕೊಂಡೆ, ಕಡೀಗೆ ಒಂದು ಶಾಲು, ಹಾರ, ಹಣ್ಣಿನ ಬುಟ್ಟಿ ಕೊಟ್ಟು "ನಿಮ್ಮಂಥವರಿಗೆ ದುಡ್ಡು ಕೊಟ್ಟು ಅವಮಾನ ಮಾಡೂದು ಹ್ಯಾಂಗ್ರಿ" ಅಂದ್ರು. ಅವಮಾನ ಮಾಡ್ರಿ ಅಡ್ಡಿಯಿಲ್ಲ ಅಂತ ಹೇಳಾಕ ಬಾಯಿ ಬರ್ಲಿಲ್ಲ. ನಮ್ಮ ಮನ್ಯಾಗ ಈಗ ಹದಿನೇಳು ಶಾಲು ಅದಾವ, ನಮ್ಮ ಕಡೆ ಚಳಿ ಎಷ್ಟು ದಿನ ಇರ್ತೈತಿ ನೀವ ಹೇಳ್ರಿ. ದೊಡ್ಡ ಸಂಸ್ಥೆಗಳು ಕೊಡೂವಾಗ ಹತ್ತು ಪರ್ಸೆಂಟ್ ಟಿಡಿಎಸ್ ಹಿಡ್ಕೊಂಡಿದ್ರ ಅದು ಹೋತು ಅಂತ ತಿಳ್ಕೋಬ್ಯಾಡ್ರಿ, ಆದಾಯ ತೆರಿಗಿ ಮಿತಿಯೊಳಗಿದ್ರ ರಿಟರ್ನ್ ಹಾಕಿ ವಾಪಸ್ ತಗೋಬಹುದು.

ಇನ್ನ ಒಳಗ ಏನ್ ಮಾಡಸ್ಬೇಕು. ಕತಿ ಅಂದ್ರೇನು ಅಂತ ಭಾಷಣ ಬ್ಯಾಡ. ನಾನು ಶುರು ಮಾಡೂದು ಹಿಂಗ: ನಿನ್ನೆ ರಾತ್ರಿ ನಿಮ್ಮ ಮನ್ಯಾಗ ಊಟದ ಹೊತ್ತಿನ್ಯಾಗ ಆದದ್ದನ್ನ ಹತ್ತು ಸಾಲಿನ್ಯಾಗ ಬರೀರಿ, ಅದರಾಗ ಒಂದು ಎಣಿಕಿ ಇರ್ಬೇಕು, ಒಂದು ಸಪ್ಪಳ ಇರ್ಬೇಕು, ಪ್ರೀತಿ ತ್ಯಾಗ ಮಮತೆ ಅನ್ನೂ ಮಾತು ಬರಬಾರ್ದು. ಒಂದು ಹುಡುಗಿ, ಪಿಯುಸಿ ಓದೂಕಿ, ಜಾತ್ರಿ ಹೊತ್ತಿನ್ಯಾಗಿಂದು ಬರೀತೀನಿ ಅಂದ್ಲು, ಬರೀ ಅಂದೆ. "ನನ್ನ ತಾಯಿ ಪ್ರೀತಿಯ ಸಾಗರ, ಅವಳ ತ್ಯಾಗಕ್ಕೆ ಎಣೆಯಿಲ್ಲ" ಅಂತ ಬರ್ದಿದ್ಲು, ಎಲ್ಲಾರೂ ಬರಿಯೂದು ಅದನ್ನ. ನಾನು ಕೇಳಿದೆ, ತಂಗಿ, ಜಾತ್ರಿಗೆ ನಿಮ್ಮನಿಯಿಂದ ಎಷ್ಟು ರೊಟ್ಟಿ ಹೋದ್ವು? ಅಕಿ ಸ್ವಲ್ಪ ಹೊತ್ತು ಸುಮ್ನ ಕುಂತು, ಆಮ್ಯಾಲೆ ಬರ್ದದ್ದು ಇದು:

"ಮಠಕ್ಕ ಐವತ್ತು ರೊಟ್ಟಿ ಕೊಡ್ತೀವಂತ ಹೇಳಿದ್ವಿ. ಹಿಟ್ಟು ನಲವತ್ತಾರಕ್ಕ ಮುಗೀತು. ಅವ್ವ ಮೂರು ಸಲ ಎಣಿಸಿದ್ಲು. ಆಮ್ಯಾಲೆ ನಮ್ಮ ಡಬ್ಬಿ ಮುಚ್ಚಳ ತಗದ ಸಪ್ಪಳ ಕೇಳ್ತು. ಅದರಾಗಿನ ನಾಲ್ಕು ತಗದು ಗಂಟಿನ್ಯಾಗ ಇಟ್ಲು. ಅವತ್ತು ಸಂಜೀಕ ನಾವು ಅನ್ನ ಉಂಡ್ವಿ."

ಓದಿ ಮುಗಿಸಿದಾಗ ರೂಮಿನ್ಯಾಗ ಫ್ಯಾನಿನ ಸಪ್ಪಳ ಅಷ್ಟ ಇತ್ತು. ನಾನು ಹೇಳಾಕ ಏನೂ ಉಳೀಲಿಲ್ಲ, ಚಾಕ್ಕ ಬಿಟ್ವಿ.

ಭಾಷಾದ ಬಗ್ಗೆ ಇದ ಜಾಗದಾಗ ಹೇಳಿಬಿಡ್ತೀನಿ. ನಮ್ಮ ಹುಡುಗರು ಪೆನ್ನು ಹಿಡದ ಕೂಡ್ಲೆ ಪಠ್ಯಪುಸ್ತಕದ ಕನ್ನಡಕ್ಕ ಹೋಗ್ತಾರ, ಮನ್ಯಾಗ ಮಾತಾಡೂದು ಕನ್ನಡನ ಅಲ್ಲ ಅನ್ನೂಹಂಗ. ಅವರಿಗೆ ನಾನು ಹೇಳೂದು, ಒಂಬತ್ತನೇ ಶತಮಾನದ ಕವಿರಾಜಮಾರ್ಗದಾಗ ಕನ್ನಡದ ತಿರುಳು ಎಲ್ಲೈತಿ ಅಂತ ಹೆಸರು ಹೇಳೂವಾಗ ಕಿಸುವೊಳಲು, ಪುಲಿಗೆರೆ ಜೋಡಿ ಕೊಪಣದ ಹೆಸರೂ ಬರ್ತೈತಿ, ಆ ಕೊಪಣ ಅಂದ್ರ ಇದ ಕೊಪ್ಪಳ, ನೀವು ಬಸ್ ಹತ್ತಿದ್ದು ಅಲ್ಲಿಂದನ. ಹುಡುಗರು ಒಬ್ಬರ ಮಾರಿ ಒಬ್ಬರು ನೋಡ್ತಾರ, ಮಧ್ಯಾಹ್ನದ ಮ್ಯಾಲೆ ಬರಿಯೂದ್ರಾಗ ವ್ಯತ್ಯಾಸ ಕಾಣಸ್ತೈತಿ. ಅಂದ್ರ ಎಲ್ಲಾ ಕತಿನೂ ಆಡುಮಾತಿನ್ಯಾಗ ಇರ್ಬೇಕು ಅಂತಲ್ಲ, ಅದೂ ಒಂದು ಚಟ ಆಗ್ತೈತಿ, ಕೇಳಿಸಿದಂಗ ಬರಿಯೂದು ಕಲ್ತ ಮ್ಯಾಲೆ ಎಲ್ಲಿ ಬೇಕು ಎಲ್ಲಿ ಬ್ಯಾಡ ತಿಳೀತೈತಿ.

ಚರ್ಚಾಕ್ಕ ನನ್ನದೊಂದ ಕಾಯ್ದೆ: ಬರ್ದಾಂವ ಓದಬಾರ್ದು, ಪಕ್ಕದಾಂವ ಓದ್ಬೇಕು, ಓದಿದ ಮ್ಯಾಲೆ ಹತ್ತು ನಿಮಿಷ ಬರ್ದಾಂವ ಬಾಯಿ ಬಿಡಬಾರ್ದು. ಪಕ್ಕದಾಂವ ಎಲ್ಲಿ ತಡವರಸ್ತಾನೋ ಅಲ್ಲಿ ವಾಕ್ಯ ಕೆಟ್ಟೈತಿ ಅಂತ ಯಾರೂ ಹೇಳದ ಗೊತ್ತಾಗ್ತೈತಿ. ಕಮ್ಮಟದ ಕತಿ ಸೇರಿಸಿ ಸಂಕಲನ ತರ್ತೀವಿ ಅಂದ್ರ ಪ್ರತಿಯೊಬ್ಬರ ಹತ್ರ ಒಪ್ಪಿಗಿ ಬರಸ್ಕೋರಿ, ಹಕ್ಕು ಬರ್ದವರದ, ಸಂಘಟಕರದಲ್ಲ.

ದುಡ್ಡು ಎಲ್ಲಿಂದ

ಇದು ಲಗೂ ಹೇಳಿ ಮುಗಸ್ತೀನಿ, ಯಾಕಂದ್ರ ಕಾಯ್ದೆ ಕಟ್ಟಳೆ ವರ್ಷ ವರ್ಷ ಬದಲಾಗ್ತಾವ, ಆಯಾ ವರ್ಷದ ಪ್ರಕಟಣೆ ಓದಿನ ಅರ್ಜಿ ಹಾಕ್ರಿ. ಮೊದಲನೇ ಪುಸ್ತಕ ತರೋ ಹುಡುಗರಿಗೆ ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನ ಐತಿ. ಮೂವತ್ತರ ಒಳಗಿದ್ದವರಿಗೆ 2021ರಾಗ ಶುರುವಾದ ಪಿಎಂ ಯುವ ಯೋಜನೆ, ನ್ಯಾಶನಲ್ ಬುಕ್ ಟ್ರಸ್ಟ್ ನಡಸ್ತೈತಿ, ಆಯ್ಕಿ ಆದ್ರ ಆರು ತಿಂಗಳು ತಿಂಗಳಿಗೆ 50,000 ರೂಪಾಯಿ, ಆದ್ರ ವಿಷಯ ಅವರ ಕೊಡ್ತಾರ, ನಿಮ್ಮ ಕಾದಂಬರಿ ತಗೊಂಡು ಹೋದ್ರ ನಡಿಯಂಗಿಲ್ಲ. ಕೇಂದ್ರ ಸಂಸ್ಕೃತಿ ಇಲಾಖೆಯ ಫೆಲೋಶಿಪ್ ಎರಡು ವರ್ಷದ್ದು, 25ರಿಂದ 40 ವಯಸ್ಸಿನವರಿಗೆ ಜೂನಿಯರ್, ತಿಂಗಳಿಗೆ 10,000, ನಲವತ್ತು ದಾಟಿದವರಿಗೆ ಸೀನಿಯರ್, 20,000. ದುಡ್ಡು ಕಂತಿನ್ಯಾಗ ಬರ್ತೈತಿ, ವರದಿ ಕೊಡ್ಬೇಕು, ಇದನ್ನ ನಂಬಿ ಮನಿ ಬಾಡಿಗಿ ಹೊಂದಸ್ಕೋಬ್ಯಾಡ್ರಿ.

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ನವರ ಬಗ್ಗೆ ನಮ್ಮ ಕಡೆ ಭಾಳ ಮಂದಿಗೆ ಗೊತ್ತಿಲ್ಲ. ಅವರಿಗೆ ಅರ್ಜಿ ಕನ್ನಡದಾಗನ ಬರ್ದು ಕಳಸಬಹುದು. ಬರೇ ಕಾದಂಬರಿ ಬರಿಯಾಕ ಅಲ್ಲ, ಹೆಚ್ಚಾಗಿ ಸಂಶೋಧನೆ, ಕಲಾ ಪ್ರಯೋಗ, ಶಿಕ್ಷಣದ ಕಡೆ. ಅವರದ ಕಲಿ-ಕಲಿಸು ಅನ್ನೂ ಕಾರ್ಯಕ್ರಮ ಕರ್ನಾಟಕದ ಸರಕಾರಿ ಶಾಲಿ ಮಾಸ್ತರ್‌ಗಳಿಗೆ ಹೇಳಿ ಮಾಡಿಸಿದಂಗ ಐತಿ. ನೀವು ಶಾಲಿ ಮಾಸ್ತರ್ ಆಗಿ, ಮಕ್ಕಳಿಂದ ಕಿನ್ನಾಳ ಗೊಂಬಿ ಮಾಡೋರ ಮಾತು ಕೂಡಿಹಾಕಿಸ್ಬೇಕು ಅಂತ ಏನರ ತಲಿಯಾಗ ಇದ್ರ, ಅದು ಪ್ರಾಜೆಕ್ಟನ. ಕನ್ನಡದ ವೈಚಾರಿಕ, ಚರಿತ್ರೆ ಪುಸ್ತಕ ಇಂಗ್ಲಿಷಿಗೆ ಮಾಡೂ ತಾಕತ್ತಿದ್ದವರಿಗೆ ನ್ಯೂ ಇಂಡಿಯಾ ಫೌಂಡೇಶನ್‌ದ ಅನುವಾದ ಫೆಲೋಶಿಪ್ ಐತಿ, ಅವರು ತಗೊಂಡ ಹತ್ತು ಭಾಷಾದಾಗ ಕನ್ನಡನೂ ಒಂದು, ಆರು ತಿಂಗಳಿಗೆ ಆರು ಲಕ್ಷ ಅಂತ ಶುರು ಮಾಡಿದ್ರು.

ಅರ್ಜಿ, ಮತ್ತ ನುಡಿ ಫಾಂಟಿನ ಕತಿ

ರೆಸಿಡೆನ್ಸಿಗೆ ಬಂದ್ರ, 2008ರಾಗ ಶುರುವಾದ ಸಂಗಮ್ ಹೌಸ್ ಹೆಸರು ಕೇಳಿರ್ತೀರಿ, ಭಾಳ ವರ್ಷ ಹೆಸರಘಟ್ಟದ ನೃತ್ಯಗ್ರಾಮದಾಗ ನಡೀತು, ಹೊರದೇಶದವರ ಜೋಡಿ ನಮ್ಮ ಭಾಷಾದವರೂ ಕುಂತು ಬರೀತಿದ್ರು. ಹೆಗ್ಗೋಡಿನ ನೀನಾಸಂ ಸಂಸ್ಕೃತಿ ಶಿಬಿರ ರೆಸಿಡೆನ್ಸಿ ಅಲ್ಲ, ಅಲ್ಲಿ ಬರಿಯಾಕ ಹೊತ್ತು ಸಿಗಂಗಿಲ್ಲ, ಆದ್ರ 1949ರಿಂದ ನಡಕೋತ ಬಂದ ಸಂಸ್ಥೆ ಒಂದು ಹಳ್ಳಿಯಾಗ ಕುಂತು ಏನೆಲ್ಲಾ ಮಾಡೇತಿ ಅಂತ ಒಮ್ಮೆ ನೋಡಿ ಬಂದ್ರ ನಮ್ಮೂರಾಗ ಕಮ್ಮಟ ಮಾಡಾಕ ಧೈರ್ಯ ಬರ್ತೈತಿ. ಹೊರದೇಶದವು ಭಾಳ ಅದಾವ, ಹೆಚ್ಚಿನವಕ್ಕ ನಿಮ್ಮ ಕತಿಯ ಇಂಗ್ಲಿಷ್ ಅನುವಾದದ ಮಾದರಿ ಬೇಕಾಗ್ತೈತಿ.

ಈಗ ನುಡಿ ಕತಿ. ನಾವೆಲ್ಲಾ ಡಿಟಿಪಿ ಅಂಗಡಿಯಾಗ ಬೆಳದವರು, ನನ್ನ ಹಳೇ ಕತಿ ಎಲ್ಲಾ ನುಡಿ ಅನ್ನೂ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಅಕ್ಷರ ವಿನ್ಯಾಸದಾಗ ಇದ್ದು. ಒಂದು ಕಡೆ ಅರ್ಜಿ ಜೋಡಿ ಹದಿನೈದು ಪುಟ ಹಂಗ ವರ್ಡ್ ಫೈಲ್ ಕಳಸಿದೆ. ತಿಂಗಳಾದ ಮ್ಯಾಲೆ ಅಲ್ಲಿಂದ ಒಬ್ಬರು ಮರ್ಯಾದಿಲೆ ಫೋನ್ ಮಾಡಿ "ನಿಮ್ಮ ಬರವಣಿಗೆ ಪ್ರಾಯೋಗಿಕವೇ?" ಅಂತ ಕೇಳಿದ್ರು. ಯಾಕ್ರಿ ಅಂದ್ರ ಸ್ಕ್ರೀನ್ ಫೋಟೋ ಕಳಸಿದ್ರು, ಇಡೀ ಕತಿ ಇಂಗ್ಲಿಷ್ ಅಕ್ಷರ, ಚುಕ್ಕಿ, ಕೊಂಬು, ಡಾಲರ್ ಗುರ್ತು. ಅವರ ಕಂಪ್ಯೂಟರಿನ್ಯಾಗ ಆ ಫಾಂಟ್ ಇದ್ದಿಲ್ಲ. ಅಷ್ಟರಾಗ ಆಯ್ಕಿ ಮುಗದಿತ್ತು. ಹಂಗಾಗಿ ಮೊದಲ ಯೂನಿಕೋಡ್‌ಗೆ, ಅಂದ್ರ ಎಲ್ಲಾ ಕಂಪ್ಯೂಟರಿಗೂ ತಿಳಿಯೂ ಅಕ್ಷರ ಪದ್ಧತಿಗೆ, ಪರಿವರ್ತನೆ ಮಾಡ್ರಿ, ಮಾಡಿದ ಮ್ಯಾಲೆ ಕಣ್ಣಿಟ್ಟು ಓದ್ರಿ, ಅರ್ಕಾವೊತ್ತು ಮತ್ತ ಅಂಕಿಗಳು ಪರಿವರ್ತನೆಯಾಗ ಕೆಡ್ತಾವ, ಆಮ್ಯಾಲೆ ಪಿಡಿಎಫ್ ಮಾಡಿ ಫಾಂಟ್ ಇಲ್ಲದ ಇನ್ನೊಬ್ಬರ ಫೋನಿನ್ಯಾಗ ತಗದು ನೋಡ್ರಿ. ಫೋನಿನ್ಯಾಗ ಮಾತಾಡಿ ಟೈಪ್ ಮಾಡೋರು ಇನ್ನೂ ಹುಷಾರಿರ್ರಿ, ನಮ್ಮ ಕಡೆ ಮಾತು ಅದಕ್ಕ ತಿಳಿಯಂಗಿಲ್ಲ, "ಹೊಂಟಾನ" ಅಂದ್ರ "ಒಂಟೆ" ಅಂತ ಬರ್ದಿತ್ತು ನನಗ.

ಹತ್ತು ಪುಟ ಕೇಳಿದ್ರ ಹತ್ತ ಕಳಸ್ರಿ. ಮೊದಲನೇ ಹತ್ತು ಪುಟನ ಆಗ್ಬೇಕಂತಿಲ್ಲ, ಚೊಲೋ ಹತ್ತು ಪುಟ. ಓದೋರು ಒಂದು ಕುಂಡರಿಕಿಯಾಗ ಐವತ್ತು ಅರ್ಜಿ ನೋಡ್ತಿರ್ತಾರ, ನಿಮ್ಮ ಕತಿ ನಾಲ್ಕನೇ ಪುಟದಾಗ ಚಾಲೂ ಆಗೂಹಂಗಿದ್ರ ನಾಲ್ಕನೇದ್ರಿಂದ ಕಳಸ್ರಿ. (ಹಂಗ ಕಳಿಸಿದ ಮ್ಯಾಲೆ ಮೊದಲಿನ ಮೂರು ಪುಟ ಕತಿಗೆ ಬೇಕೇನು ಅಂತನೂ ಒಮ್ಮೆ ಕೇಳ್ಕೋರಿ.) ಶಿಫಾರಸು ಪತ್ರ ದೊಡ್ಡ ಸಾಹಿತಿಗಳ ಹತ್ರ ಕೇಳಾಕ ಹೋಗಬ್ಯಾಡ್ರಿ, ಅವರು "ಉದಯೋನ್ಮುಖ ಪ್ರತಿಭೆ" ಅಂತ ಎರಡು ಸಾಲು ಬರೀತಾರ, ಅದನ್ನ ಎಲ್ಲಾರಿಗೂ ಬರ್ದಿರ್ತಾರ. ನಿಮ್ಮ ಕತಿ ಓದಿ ಜಗಳಾಡಿದವರೊಬ್ಬರು ಇದ್ರ ಅವರ ಹತ್ರ ಬರಸ್ರಿ.

ಇಂಗ್ಲಿಷ್ ಮಾದರಿ ಬೇಕಂದ್ರ ಅನುವಾದಕರಿಗೆ ಮೊದಲ ಹೇಳ್ರಿ, ಕಡೀ ವಾರದಾಗ "ಹದಿನೈದ ಪುಟ ಅಲ್ರಿ ಮೇಡಂ" ಅನ್ನಬ್ಯಾಡ್ರಿ, ದುಡ್ಡು ಕೊಡ್ರಿ, ಹೆಸರು ಹಾಕ್ರಿ. 2025ರಾಗ ಬಾನು ಮುಷ್ತಾಕ್ ಅವರ ಕತಿಗಳಿಗೆ ಇಂಟರ್‌ನ್ಯಾಶನಲ್ ಬುಕರ್ ಬಂತಲ್ಲ, ಆ 50,000 ಪೌಂಡಿನ್ಯಾಗ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರದು, ನಿಯಮನ ಹಂಗೈತಿ. ಕಡೀ ದಿನಾಂಕ ಅಂದ್ರ ಅದಕ್ಕಿಂತ ಎರಡು ದಿನ ಮೊದಲು ಅಂತ ತಿಳ್ಕೋರಿ, ಕರೆಂಟು ನಮ್ಮ ಕೈಯಾಗಿಲ್ಲ.

ಯಾರೂ ಕರೀಲಿಲ್ಲಂದ್ರ

ಹೆಚ್ಚಿನ ಸಲ ಯಾರೂ ಕರಿಯಂಗಿಲ್ಲ. ನನಗ ಐದು ಕಡೆ ಇಲ್ಲ ಅಂದ ವರ್ಷ ನಾನ ನನಗ ರೆಸಿಡೆನ್ಸಿ ಕೊಟ್ಕೊಂಡೆ, ಆನೆಗೊಂದಿಯಾಗ ಒಂಬತ್ತು ದಿನ. ಗಂಗಾವತಿಯಿಂದ ಹತ್ತು ಹನ್ನೆರಡು ಕಿಲೋಮೀಟರ್, ಬಸ್ಸಿಗೆ ಹೋದೆ. ಊರು ಹತ್ರ ಇದ್ದದ್ದು ಚೊಲೋ ಆತು, ಖರ್ಚು ಕಮ್ಮಿ, ಆದ್ರ ನಡುವ ಮನಿಗೆ ಹೋಗಬಾರ್ದಂತ ಸೈಕಲ್ಲು, ಗಾಡಿ ತಗೊಂಡು ಹೋಗ್ಲಿಲ್ಲ. ಪರಿಚಯದವರ ಮನಿ ಮಾಳಗಿ ಮ್ಯಾಲಿನ ರೂಮು, ಪ್ರವಾಸಿಗರು ಕಮ್ಮಿ ಇದ್ದ ದಿನ ನೋಡಿ ಮಾತಾಡಿದ್ಕ ಬಾಡಿಗಿ ಸ್ವಲ್ಪದಾಗ ಮುಗೀತು. ಹಂಪಿ ಉತ್ಸವದ ಹೊತ್ತಿನ್ಯಾಗ, ಡಿಸೆಂಬರಿನ್ಯಾಗ ಅಂಜನಾದ್ರಿಗೆ ಹನುಮಮಾಲೆ ಭಕ್ತರು ಬರೂ ದಿನ, ಹೊಸ ವರ್ಷದ ವಾರ, ಇವು ಮೂರು ಬಿಡ್ರಿ, ರೂಮೂ ಸಿಗಂಗಿಲ್ಲ, ನಿದ್ದಿನೂ ಬರಂಗಿಲ್ಲ.

ದಿನಚರಿ ಹೇಳ್ತೀನಿ, ಬೇಕಾದ್ರ ತಗೋರಿ. ಮುಂಜಾನಿ ಐದೂವರಿಯಿಂದ ಒಂಬತ್ತರ ತನಕ ಬರಿಯೂದು, ಫೋನು ಕೆಳಗ ಮನಿ ಅಕ್ಕನ ಹತ್ರ ಕೊಟ್ಟಿರ್ತಿದ್ದೆ, ಮನಿಯಿಂದ ತುರ್ತು ಇದ್ರ ಅಕ್ಕ ಕರೀತಿದ್ಲು. ನಾಷ್ಟಾ ಮಾಡಿ ಹನ್ನೆರಡರ ತನಕ ಬರ್ದದ್ದನ್ನ ತಿದ್ದೂದು. ಮಧ್ಯಾಹ್ನ ರೆಕಾರ್ಡಿಂಗ್ ಕೇಳೂದು. ಸಂಜೀಕ ಹೊಳಿ ದಂಡಿಗೆ ಹೋಗಿ ಕಲ್ಲಬಂಡಿ ಮ್ಯಾಲ ಕುಂತು ಮರುದಿನ ಬರಿಯೂ ಮೊದಲನೇ ಸಾಲು ಅಷ್ಟ ಬರ್ಕೊಂಡು ಬರೂದು. ಈ ಕಡೀದ್ದು ಭಾಳ ಉಪಯೋಗ, ಮುಂಜಾನಿ ಖಾಲಿ ಹಾಳಿ ಮುಂದ ಕುಂದ್ರಂಗಿಲ್ಲ. ಮೊದಲನೇ ಎರಡು ದಿನ ಹೊಸದು ಬರೀಲಿಲ್ಲ, ಇದ್ದದ್ದನ್ನ ಪ್ರಿಂಟ್ ತಗೊಂಡು ಹೋಗಿದ್ದೆ, ಅದನ್ನ ಪೂರ್ತಿ ಓದಿದೆ. ಒಂಬತ್ತು ದಿನದಾಗ ಎರಡು ಕತಿ, ಒಂದರ ಅರ್ಧ.

ಮನಿ ಬಿಡಾಕ ಆಗದವರೂ ಅದಾರ. ನನಗ ಗೊತ್ತಿರೋ ಇಬ್ಬರು ಹೆಣ್ಣಮಕ್ಕಳು ಬಳ್ಳಾರಿಯಾಗ ಅದಲು ಬದಲು ಮಾಡ್ಕೊಂಡಾರ, ಒಂದು ರವಿವಾರ ಇಕಿ ಮಕ್ಕಳನ್ನ ಅಕಿ ನೋಡ್ಕೋತಾಳ, ಇಕಿ ಅಕಿ ಮನಿ ಮ್ಯಾಲಿನ ರೂಮಿನ್ಯಾಗ ಹತ್ತರಿಂದ ನಾಲ್ಕರ ತನಕ ಬಾಗಲಾ ಹಾಕ್ಕೊಂಡು ಬರೀತಾಳ, ಮುಂದಿನ ರವಿವಾರ ತಿರುವ್ಯಾ ಮುರುವ್ಯಾ. ಊಟ ಬಾಗಲಾ ಹೊರಗ. ಒಬ್ಬಾಕಿ ಹಿಂಗ ಒಂದೂವರಿ ವರ್ಷದಾಗ ಕಾದಂಬರಿ ಮುಗಿಸಿದ್ಲು. ದೊಡ್ಡ ದೊಡ್ಡ ರೆಸಿಡೆನ್ಸಿಗೆ ಹೋಗಿ ಬಂದ ನಾನು ಇನ್ನೂ ಹತ್ತು ಕತಿ ಮುಗಿಸಿಲ್ಲ.

ಪುಸ್ತಕ ಆಗಿ ಪ್ರಕಾಶಕರು ಕಾಗದ ಕೊಟ್ರ ಓದಿ ಸಹಿ ಮಾಡ್ರಿ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕು ಎಷ್ಟು ವರ್ಷಕ್ಕ ಕೊಟ್ಟೀರಿ ಅಂತ ಕಾಗದದಾಗ ಇಲ್ಲಂದ್ರ ಅದು ಐದು ವರ್ಷಕ್ಕ ಅಂತನ ಲೆಕ್ಕ. "ಶಾಶ್ವತವಾಗಿ" ಅಂತ ಒಂದು ಮಾತು ಸೇರಿದ್ರ ಹೋತು, ಆ ಮಾತಿನ ಮ್ಯಾಲ ಗೀಟು ಎಳದು ಕೇಳ್ರಿ, ಹೆಚ್ಚಿನವರು ಒಪ್ತಾರ.

ಮತ್ತ, ವಾಪಸ್ ಬಂದ ಮ್ಯಾಲೆ ಕತಿ ಕೊಟ್ಟವರ ಹತ್ರ ಹೋಗ್ರಿ. ಆನೆಗೊಂದಿಯಾಗ ಬರ್ದ ಕತಿ ತಗೊಂಡು ನಾನು ಆ ಅಜ್ಜನ ಮನಿಗೆ ಹೋದೆ, ಕಟ್ಟಿ ಮ್ಯಾಲ ಕುಂತು ಪೂರ್ತಿ ಓದಿದೆ, ಆತ ಕಣ್ಣು ಮುಚ್ಚಿ ಕೇಳಿದ. ಮುಗದ ಮ್ಯಾಲೆ ಚೊಲೋ ಐತಿ ಕೆಟ್ಟೈತಿ ಏನೂ ಅನಲಿಲ್ಲ. "ಬಾವಿ ಗುಡಿ ಎಡಕ ಅಲ್ಲ ತಮ್ಮಾ, ಬಲಕ" ಅಂದ. ಅಲ್ಲೇ ಪೆನ್ನು ತಗದು ತಿದ್ದಿದೆ.